ನಾನು ಕೊಂಡ ಕೂಸು

ಅವಧಿಗೆ ಮೊದಲೇ ಹುಟ್ಟಿದ ಕೂಸುಗಳನ್ನು ತೂಗುವುದು ಕೆಲವು ವರ್ಷ ನನ್ನ ಉದ್ಯೋಗವಾಗಿತ್ತು. ಒಂದು ವೈದ್ಯಕೀಯ ಸಂಶೋಧನೆಯ ಪರವಾಗಿ ಹೆಗಲಿಗೆ ತಕ್ಕಡಿಯ ಚೀಲ ಹಾಕಿಕೊಂಡು ಸೊಲ್ಲಾಪುರದಿಂದ ಜೀಪಿನಲ್ಲಿ ಹೊರಡುತ್ತಿದ್ದೆ. ಅಕ್ಕಲಕೋಟ ತಾಲೂಕಿನ ಹಳ್ಳಿಗಳಲ್ಲಿ ಮನೆಮನೆಗೆ ಹೋಗಿ ಕೂಸನ್ನು ತೂಗಿ, ಅದರ ಮೈ ಬಿಸಿ ನೋಡಿ, ತಾಯಿಗೆ ಹೋದ ವಾರ ಕೇಳಿದ ಪ್ರಶ್ನೆಗಳನ್ನೇ ಮತ್ತೆ ಕೇಳಿ ಬರುತ್ತಿದ್ದೆ. ನಮ್ಮ ಮನೆ ವಿಜಾಪುರ ರಸ್ತೆಯಲ್ಲಿದೆ. ಮನೆತನದ ವ್ಯಾಪಾರ ಚಾದರ ಮತ್ತು ಟವೆಲಿನದು. ಸಗಟು ಗಿರಾಕಿಗಳಿಗೆ ಟವೆಲನ್ನೂ ತೂಗಿಯೇ ಕೊಡುತ್ತೇವೆ. ಹಾಗಾಗಿ ನನ್ನ ಯಜಮಾನರಿಗೆ ಈ ಉದ್ಯೋಗದಲ್ಲಿ ಹೊಸದೇನೂ ಕಾಣಲಿಲ್ಲ. "ಇಲ್ಲೇ ಅಂಗಡ್ಯಾಗ ತೂಗಿದ್ರ ಬಿಸಲರ ತಪ್ಪತಿತ್ತು" ಎಂದಷ್ಟೇ ಅಂದರು.

ನನ್ನನ್ನು ಆರಿಸಿದ್ದು ನನ್ನ ಓದಿಗಾಗಿ ಅಲ್ಲ, ಬಾಯಿಗಾಗಿ. ಪ್ರಶ್ನೆಗಳು ಮರಾಠಿಯಲ್ಲಿ ಅಚ್ಚಾಗಿದ್ದವು, ಉತ್ತರ ಹೇಳುವವರ ಮನೆಮಾತು ಕನ್ನಡ. ಸಂಶೋಧನೆಯ ಮುಖ್ಯಸ್ಥೆಯಾಗಿದ್ದ ಡಾಕ್ಟರರಿಗೆ ಮರಾಠಿ ಮಾತ್ರ ಬರುತ್ತಿತ್ತು. ನಡುವೆ ಎರಡೂ ಆಡುವ ಒಬ್ಬಳು ಬೇಕಾಗಿತ್ತು. ಸೊಲ್ಲಾಪುರದಲ್ಲಿ ಅಂಥವರು ಓಣಿಗೆ ಹತ್ತು ಜನ ಸಿಗುತ್ತಾರೆ. ಆದರೆ ಬಿಸಿಲಲ್ಲಿ ತಕ್ಕಡಿ ಹೊರಲು ಒಪ್ಪಿದವಳು ನಾನೊಬ್ಬಳೇ.

ಸಂಶೋಧನೆಯ ಪ್ರಶ್ನೆ ಸರಳವಾಗಿತ್ತು. ಸಣ್ಣದಾಗಿ, ಬೇಗ ಹುಟ್ಟಿದ ಕೂಸನ್ನು ತಾಯಿ ತನ್ನ ಬರಿ ಎದೆಗೆ ನೆಟ್ಟಗೆ ಅಪ್ಪಿಕೊಂಡು, ಮೇಲೆ ಬಟ್ಟೆ ಸುತ್ತಿ ಕಟ್ಟಿಕೊಂಡರೆ ಕೂಸಿನ ಮೈ ತಣ್ಣಗಾಗುವುದಿಲ್ಲ, ಹಾಲು ಕುಡಿಯುತ್ತದೆ, ತೂಕ ಏರುತ್ತದೆ. ಆಸ್ಪತ್ರೆಯಲ್ಲಿ ನರ್ಸಿನ ಕಣ್ಣೆದುರು ಎಲ್ಲರೂ ಹಾಗೆ ಮಾಡುತ್ತಾರೆ. ಮನೆಗೆ ಹೋದ ಮೇಲೆ ಮಾಡುತ್ತಾರೆಯೇ? ಎಷ್ಟು ಹೊತ್ತು? ಮಾಡದಿದ್ದರೆ ಯಾಕಿಲ್ಲ? ಈ ಪದ್ಧತಿಗೆ ಕಾಂಗರೂ ಆರೈಕೆ ಎಂದು ಹೆಸರು. ಮನೆಯವರಿಗೆ ತೋರಿಸಲೆಂದು ಆ ಪ್ರಾಣಿಯ ಚಿತ್ರವೊಂದನ್ನೂ ನಮಗೆ ಕೊಟ್ಟಿದ್ದರು. ನೋಡಿದವರೆಲ್ಲ ಮೊದಲು ಕೇಳುತ್ತಿದ್ದುದು ಅದು ಎಷ್ಟು ಹಾಲು ಕೊಡುತ್ತದೆ ಎಂದು.

ತರಬೇತಿಯಲ್ಲಿ ನಮಗೆ ಹೇಳಿಕೊಟ್ಟ ನಿಯಮಗಳೂ ಸರಳವಾಗಿದ್ದವು. ಕೇಳಬೇಕು, ಹೇಳಬಾರದು. ಏನೂ ಕೊಡಬಾರದು, ಏನೂ ತೆಗೆದುಕೊಳ್ಳಬಾರದು. ಯಾವ ಮನೆಯನ್ನೂ ಹಚ್ಚಿಕೊಳ್ಳಬಾರದು. ಕೂಸಿಗೆ ಅಪಾಯದ ಲಕ್ಷಣ ಕಂಡರೆ ಮಾತ್ರ ಕೂಡಲೇ ಆಸ್ಪತ್ರೆಗೆ ಒಯ್ಯಲು ಹೇಳಬೇಕು. ಈ ನಿಯಮಗಳನ್ನು ಬರೆದವರು ಅಕ್ಕಲಕೋಟದ ಕಡೆಯ ಒಂದು ಮನೆಯಲ್ಲಿ ಕೂತು ಚಹಾ ಬೇಡ ಅಂದು ನೋಡಿರಲಿಕ್ಕಿಲ್ಲ.

ನಾನು ಹೇಳಹೊರಟಿರುವ ಮನೆ ದೊಡ್ಡ ಒಕ್ಕಲುತನದ್ದು. ಕಬ್ಬು, ತೊಗರಿ, ಬಾಗಿಲಲ್ಲಿ ಟ್ರ್ಯಾಕ್ಟರು. ಸೊಲ್ಲಾಪುರಕ್ಕೆ ಕೊಟ್ಟ ಮಗಳು ಹೆರಿಗೆಗೆಂದು ತವರಿಗೆ ಬಂದಿದ್ದಳು. ಅಕ್ಕಲಕೋಟದ ಆಸ್ಪತ್ರೆಯಲ್ಲಿ ತಿಂಗಳು ತುಂಬುವ ಮೊದಲೇ ಹೆಣ್ಣು ಕೂಸು ಹುಟ್ಟಿತ್ತು. ಸಣ್ಣದು, ಆದರೆ ಗಟ್ಟಿ ಇದೆ ಎಂದು ಅಲ್ಲಿಂದ ಮನೆಗೆ ಕಳಿಸಿದ್ದರು. ಇದಕ್ಕೆ ಮೊದಲು ಅವಳಿಗೆ ಎರಡು ಕೂಸು ಹೀಗೇ ಬೇಗ ಹುಟ್ಟಿದ್ದವು. ಎರಡನ್ನೂ ಜೀಪಿನಲ್ಲಿ ಸೊಲ್ಲಾಪುರದ ಆಸ್ಪತ್ರೆಗೆ ಒಯ್ದಿದ್ದರು. ಎರಡೂ ಉಳಿಯಲಿಲ್ಲ.

ಮೊದಲ ಸಲ ಹೋದಾಗ ಪ್ರಶ್ನೆ ಕೇಳಬೇಕಾದವಳು ನಾನು. ಕೇಳಿದವರು ಬಾಣಂತಿಯ ತಾಯಿ. ಆ ಅಜ್ಜಿ ನನ್ನನ್ನು ಪಡಸಾಲೆಯಲ್ಲಿ ಕೂರಿಸಿ, ಚಹಾ ಕೈಗಿಟ್ಟು, ಎದುರಿಗೇ ಕೂತರು.

"ನಿಮಗ ಮಕ್ಕಳೆಷ್ಟ್ರಿ ಬಾಯಾರ?"

"ಇಬ್ಬರು ಗಂಡುಹುಡುಗ್ರ ಅದಾರಿ."

"ಹೋದದ್ದು?"

"ಇಲ್ರಿ, ಯಾವದೂ ಹೋಗಿಲ್ಲ."

"ಜ್ವರ, ಕೆಮ್ಮು, ಫಿಟ್ಸು?"

"ಏನಿಲ್ರಿ. ಉಣ್ಣೂದು ಭಾಳ."

"ನಿಮ್ಮ ಅತ್ತಿಗಿ?"

ನಮ್ಮ ಅತ್ತೆಗೂ ಯಾವ ಮಗುವೂ ಹೋಗಿರಲಿಲ್ಲ. ಹೇಳಿದೆ. ಅಜ್ಜಿ ನಮ್ಮ ಮನೆದೇವರು, ತವರೂರು, ಅಂಗಡಿ ಎಲ್ಲ ವಿಚಾರಿಸಿ ತಲೆ ತೂಗಿದರು. ನಾನು ತರಬೇತಿ ಪಡೆದು ಕೇಳುವುದಕ್ಕಿಂತ ಅವರು ಒಳ್ಳೆಯ ಕ್ರಮದಲ್ಲಿ ಕೇಳುತ್ತಿದ್ದರು. ಇದನ್ನು ಅತಿಥಿ ಸತ್ಕಾರ ಎಂದುಕೊಂಡು ನಾನು ಚಹಾ ಕುಡಿದೆ.

ಒಳಗೆ ಬಾಣಂತಿ ಗೋಡೆಗೆ ಮುಖ ಮಾಡಿ ಮಲಗಿದ್ದಳು. ಕೂಸು ಅವಳ ಕೈಗೆ ಎಟುಕದಷ್ಟು ದೂರದಲ್ಲಿ ಹಳೆ ಸೀರೆಯ ಸುತ್ತಿನಲ್ಲಿತ್ತು. ಆಸ್ಪತ್ರೆಯಲ್ಲಿ ಕಲಿಸಿದ ಹಾಗೆ ಎದೆಗೆ ಕಟ್ಟಿಕೊಳ್ಳುತ್ತೀರಾ ಎಂದು ಕೇಳಿದೆ. "ಇಲ್ರಿ" ಎಂದಳು, ಗೋಡೆಗೆ. ಯಾಕೆ ಎಂದು ಕೇಳಿದೆ. ಸೆರಗನ್ನು ಕಿವಿಯ ಮೇಲೆ ಎಳೆದುಕೊಂಡಳು. ಹಾಲು ಕೊಡುವಾಗಲೂ ಅವಳು ಕೂಸಿನ ಮುಖ ನೋಡಲಿಲ್ಲ. ನನಗೆ ಅವಳ ಭುಜ ಹಿಡಿದು ತಿರುಗಿಸಬೇಕು ಅನಿಸಿತು. ನಿಯಮದಲ್ಲಿ ಅದಕ್ಕೆ ಅವಕಾಶವಿರಲಿಲ್ಲ.

ನಾನು ತಕ್ಕಡಿ ತೆಗೆಯುವಷ್ಟರಲ್ಲಿ ಅಜ್ಜಿ ಕೂಸನ್ನು ಕಾಳು ಕೇರುವ ಬಿದಿರಿನ ಮೊರದಲ್ಲಿ ಮಲಗಿಸಿಕೊಂಡು ತಂದರು. ನನ್ನ ಕೈಗೆ ಒಂದು ಮುಷ್ಟಿ ತೌಡು ಹಾಕಿದರು. "ಇದನ್ನ ನನ್ನ ಉಡ್ಯಾಗ ಹಾಕ್ರಿ" ಎಂದು ಸೆರಗು ಒಡ್ಡಿದರು. ಕೂಸು ತೂಗುವ ಮೊದಲು ದೃಷ್ಟಿ ತೆಗೆಯುವುದು ಆ ಕಡೆ ಹೊಸದಲ್ಲ. ಬೇಡ ಅಂದರೆ ಅರ್ಧ ತಾಸಿನ ವಾದ, ಮಾಡಿದರೆ ಒಂದು ಕ್ಷಣದ ಕೆಲಸ. ಹಾಕಿದೆ. ಅಜ್ಜಿ ಕೂಸನ್ನೆತ್ತಿ ನನ್ನ ಮಡಿಲಿಗೆ ಇಟ್ಟರು.

"ಪಸಂದ ಬಂತೇನ್ರಿ?"

ಅಂಗಡಿಯಲ್ಲಿ ಪಳಗಿದ ನಾಲಿಗೆ. "ಪಸಂದ ಬಂತ್ರಿ" ಎಂದೆ.

"ಹಂಗಾರ ವ್ಯವಹಾರ ಮುಗೀತು."

ನಾನು ಕೂಸನ್ನು ತೂಗಿ, ತೂಕ ಬರೆದುಕೊಂಡು ಹೊರಟೆ.

ಮರುವಾರ ಹೋದಾಗ ಬಾಣಂತಿ ಎದ್ದು ಕೂತಿದ್ದಳು. ಸೆರಗಿನ ಒಳಗೆ, ಎದೆಯ ಮೇಲೆ, ಟೊಪ್ಪಿಗೆ ಹಾಕಿದ ಒಂದು ಪುಟ್ಟ ತಲೆ ಕಾಣಿಸುತ್ತಿತ್ತು. ನನ್ನನ್ನು ನೋಡಿ ನಕ್ಕಳು. "ಬರ್ರಿ ಅಕ್ಕಾ. ನಿಮ್ಮ ಕೂಸು ಆರಾಮ ಐತ್ರಿ. ರಾತ್ರಿ ಎಲ್ಲಾ ಹಾಲು ಕುಡಿಯೂದ ಮಾಡೇತಿ" ಎಂದಳು.

ಯಾರ ಕೂಸು ಎಂದು ಕೇಳಿದೆ. ಅಜ್ಜಿ ಬಿಡಿಸಿ ಹೇಳಿದರು. ಮಕ್ಕಳು ಉಳಿಯದ ಮನೆಯಲ್ಲಿ ಹುಟ್ಟಿದ ಕೂಸನ್ನು ಬೇರೆಯವರಿಗೆ ಮಾರಿಬಿಡಬೇಕು. ಕೊಳ್ಳುವವಳು ಊರ ಸೀಮೆಯ ಆಚೆಯವಳಾಗಿರಬೇಕು, ಬೇರೆ ಮನೆತನದವಳಾಗಿರಬೇಕು, ಒಂದು ಮಗುವನ್ನೂ ಕಳಕೊಂಡಿರಬಾರದು. ಇಂಥವಳನ್ನು ಅವರು ಹೆರಿಗೆಗೂ ಮೊದಲಿನಿಂದ ಹುಡುಕುತ್ತಿದ್ದರಂತೆ. ಆಗ ನಾನು ತಕ್ಕಡಿ ಹಿಡಿದುಕೊಂಡು ತಾನಾಗಿ ಬಾಗಿಲಿಗೆ ಬಂದೆ. ಬೆಲೆ ಒಂದು ಮುಷ್ಟಿ ತೌಡು. ತೌಡೂ ಅವರದೇ, ಸೆರಗೂ ಅವರದೇ. ಕೊಂಡವಳು ಮಾತ್ರ ನಾನು.

"ಎರಡ ಸರ್ತಿ ಬಂದು ಹೋಗ್ಯಾನ. ಈ ಮನಿ ಹಾದಿ ಅವಂಗ ಗೊತ್ತಾಗೇತಿ" ಎಂದರು ಅಜ್ಜಿ. "ಈ ಮನೀದಲ್ಲ ಅಂದ ಮ್ಯಾಲ ಯಾಕ ಬರ್ತಾನ?"

ಯಾರು ಎಂದು ನಾನು ಕೇಳಲಿಲ್ಲ.

ಹೀಗೆ ನಿಯಮಗಳಲ್ಲಿ ಒಂದನ್ನು ಪೂರ್ತಿಯಾಗಿ ಮುರಿದಿದ್ದೆ. ಕೊಡಬಾರದು, ತೆಗೆದುಕೊಳ್ಳಬಾರದು ಎಂದಿದ್ದರು. ನಾನು ಸಂಶೋಧನೆಯ ಕೂಸನ್ನೇ ತೆಗೆದುಕೊಂಡಿದ್ದೆ. ಸೊಲ್ಲಾಪುರಕ್ಕೆ ಬಂದು ಡಾಕ್ಟರರಿಗೆ ಹೇಳಿದೆ. ಅವರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಅಧ್ಯಯನದಲ್ಲಿ ಭಾಗವಹಿಸಿದವರನ್ನು ಸಿಬ್ಬಂದಿ ಕೊಳ್ಳುವ ಹಾಗಿಲ್ಲ, ಇದನ್ನು ಪ್ರತ್ಯೇಕವಾಗಿ ಹೇಳಬೇಕಾದೀತು ಎಂದು ತನಗೆ ಹೊಳೆದಿರಲಿಲ್ಲ ಎಂದರು. ಮುಂದಿನ ಭೇಟಿಯಲ್ಲಿ ವ್ಯವಹಾರ ರದ್ದು ಮಾಡಿ ಬರಬೇಕೆಂದು ಅಪ್ಪಣೆಯಾಯಿತು.

ಹೋಗಿ ಹೇಳಿದೆ. ಅಜ್ಜಿ ಶಾಂತವಾಗಿ ಕೇಳಿಸಿಕೊಂಡರು.

"ನಿಮ್ಮ ಅಂಗಡ್ಯಾಗ ಒಯ್ದ ಮಾಲ ವಾಪಸ ತಗೋತೀರೇನ್ರಿ?"

ನಮ್ಮ ಅಂಗಡಿಯ ಗಲ್ಲಾಪೆಟ್ಟಿಗೆಯ ಮೇಲೆ, ಮಾರಿದ ಮಾಲು ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ ಎಂದು ಮರಾಠಿಯಲ್ಲಿ ಬರೆಸಿದ ಹಲಗೆ ಮಾವನವರ ಕಾಲದಿಂದಲೂ ಇದೆ. "ಇಲ್ರಿ" ಎಂದೆ.

"ಮತ್ತ?"

ಚಹಾ ಬಂತು.

ಅಲ್ಲಿಂದ ನನ್ನ ಕಷ್ಟ ಶುರುವಾಯಿತು. ಆ ಮನೆಯಲ್ಲಿ ಏನು ಮಾಡುವುದಿದ್ದರೂ ಈಗ ನನ್ನ ಒಪ್ಪಿಗೆ ಬೇಕು. ಕೂಸಿಗೆ ಎಣ್ಣೆ ಹಚ್ಚಿ ಎರೆಯುವುದೋ ಬೇಡವೋ? ಲೋಬಾನದ ಹೊಗೆ ಹಾಕುವುದೋ ಬೇಡವೋ? ಜೇನುತುಪ್ಪ ನೆಕ್ಕಿಸಬಹುದೇ? ಕೇಳಬೇಕು, ಹೇಳಬಾರದು ಎಂಬ ನಿಯಮ ಇನ್ನೂ ಜಾರಿಯಲ್ಲಿತ್ತು. ಡಾಕ್ಟರಿಗೆ ಕೇಳಿರಿ ಎಂದರೆ, "ಕೂಸು ಡಾಕ್ಟರದಲ್ರಿ, ನಿಮ್ದು" ಎನ್ನುತ್ತಿದ್ದರು. ಕೊನೆಗೆ ಒಂದು ದಾರಿ ಕಂಡುಕೊಂಡೆ. ಅವರ ಮುಂದೆಯೇ ಅಕ್ಕಲಕೋಟದ ಆಸ್ಪತ್ರೆಯ ನರ್ಸಿಗೆ ಫೋನ್ ಹಚ್ಚಿ, ಧ್ವನಿ ದೊಡ್ಡದು ಮಾಡಿ, ಫೋನನ್ನು ಪಡಸಾಲೆಯ ನಡುವೆ ಇಡುತ್ತಿದ್ದೆ. ಹೊಗೆ ಬೇಡ, ಜೇನು ಬೇಡ, ತಾಯಿಯ ಹಾಲು ಬಿಟ್ಟು ಏನೂ ಬೇಡ ಎಂದು ಫೋನು ಹೇಳುತ್ತಿತ್ತು. ಎಲ್ಲರೂ ಫೋನನ್ನು ಬಿಟ್ಟು ನನ್ನ ಮುಖ ನೋಡುತ್ತಿದ್ದರು. ನಾನು ಸುಮ್ಮನೆ ಕೂತಿರುತ್ತಿದ್ದೆ. ಅದನ್ನೇ ಒಪ್ಪಿಗೆ ಎಂದು ತಿಳಿಯುತ್ತಿದ್ದರು.

ಕೂಸಿನ ತೂಕ ಏರತೊಡಗಿತು. ಆ ಮನೆಯಲ್ಲಿ ಕೂಸು ಎದೆಯ ಮೇಲಿರುತ್ತಿದ್ದಷ್ಟು ಹೊತ್ತು ಬೇರೆ ಯಾವ ಮನೆಯಲ್ಲೂ ಇರುತ್ತಿರಲಿಲ್ಲ. ಡಾಕ್ಟರರಿಗೆ ಅನುಮಾನ ಬಂತು. ನಾನು ನನ್ನ ಆಸ್ತಿಯ ಪರವಾಗಿ ಹೆಚ್ಚು ಬರೆಯುತ್ತಿದ್ದೇನೆ ಎಂದುಕೊಂಡಿರಬೇಕು. ಒಂದು ದಿನ ಮುನ್ಸೂಚನೆ ಕೊಡದೆ ನನ್ನ ಜೊತೆ ಜೀಪು ಹತ್ತಿದರು. ಹೋಗಿ ನೋಡಿದರೆ ಬಾಣಂತಿ ಹಾಗೆಯೇ ಕೂತಿದ್ದಳು, ಕೂಸು ಎದೆಯ ಮೇಲೆ ನಿದ್ದೆ ಮಾಡುತ್ತಿತ್ತು. ಇಷ್ಟು ಹೊತ್ತು ಹೇಗೆ ಸಾಧ್ಯವಾಗುತ್ತದೆ, ಮೊದಲು ಯಾಕೆ ಮಾಡುತ್ತಿರಲಿಲ್ಲ ಎಂದು ಕೇಳಲು ಹೇಳಿದರು. ಕೇಳಿದೆ.

"ಮಂದಿ ಕೂಸಲ್ಲೇನ್ರಿ ಅಕ್ಕಾ, ಜ್ವಾಕಿ ಮಾಡಬೇಕಾಗತೈತಿ" ಎಂದಳು. ಕೂಸಿನ ಟೊಪ್ಪಿಗೆ ಸರಿಮಾಡುತ್ತ, "ನಂದಾಗಿದ್ರ ಮುಟ್ಟಾಕ ಅಂಜಿಕಿ ಬರ್ತಿತ್ತು. ಅವೆರಡನ್ನೂ ಹಿಂಗ ಹಿಡಕೊಂಡಿದ್ದೆ" ಎಂದಳು.

ನಾನು ಮರಾಠಿಯಲ್ಲಿ ಹೇಳಿದೆ. ಡಾಕ್ಟರರು ಏನೂ ಬರೆದುಕೊಳ್ಳಲಿಲ್ಲ. ವಾಪಸು ಬರುವಾಗ ತೊಗರಿ ಹೊಲಗಳನ್ನು ನೋಡುತ್ತ, ಇದನ್ನು ಬರೆಯಲು ನಮ್ಮಲ್ಲಿ ಜಾಗವಿಲ್ಲ ಎಂದರು. ಬಹಳ ದೂರ ಬಂದ ಮೇಲೆ, ಎಲ್ಲ ಕೂಸುಗಳನ್ನೂ ಮಾರಿಸಲಿಕ್ಕೂ ಬರುವುದಿಲ್ಲ ಎಂದರು. ರದ್ದಿನ ಮಾತು ಮತ್ತೆ ಎತ್ತಲಿಲ್ಲ.

ನನಗೂ ಆ ಕೂಸಿನ ಮೇಲೆ ಜೀವ ಹತ್ತಿತ್ತು. ಸುತ್ತಿ ಬಳಸಿ ಯಾಕೆ ಹೇಳಲಿ? ಇಬ್ಬರು ಗಂಡುಹುಡುಗರ ಗದ್ದಲದಲ್ಲಿ ಹದಿನೈದು ವರ್ಷ ಕಳೆದವಳು ನಾನು. ಆ ಹೆಣ್ಣು ಕೂಸು ತಕ್ಕಡಿಯ ಮೇಲೆ ಮಲಗಿ ನನ್ನ ಬೆರಳು ಹಿಡಿದರೆ ತೂಕ ಸರಿಯಾಗಿ ಬರುವುದಿಲ್ಲ. ಬಿಡಿಸಿಕೊಳ್ಳಬೇಕು. ನಾನು ಬಿಡಿಸಿಕೊಳ್ಳಲು ತಡ ಮಾಡುತ್ತಿದ್ದೆ. ಬೇರೆ ಕೂಸುಗಳೂ ಬೆರಳು ಹಿಡಿಯುತ್ತಿದ್ದವು, ಅವನ್ನು ತಡವಿಲ್ಲದೆ ತೂಗುತ್ತಿದ್ದೆ.

ಒಂದು ಮುಂಜಾನೆ ಹೋದಾಗ ಅಜ್ಜಿ ಚಹಾ ಕೇಳಲಿಲ್ಲ. ಕೂಸು ಹಿಂದಿನ ಸಂಜೆಯಿಂದ ಮೊಲೆಗೆ ಬಾಯಿ ಹಾಕಿರಲಿಲ್ಲ. ಎತ್ತಿಕೊಂಡೆ. ಕೈಕಾಲು ಜೋಲುತ್ತಿದ್ದವು, ಪಾದ ತಣ್ಣಗಿತ್ತು. ಉಸಿರಾಡುವಾಗ ಪಕ್ಕೆಯ ಕೆಳಗೆ ಗುಳಿ ಬೀಳುತ್ತಿತ್ತು. ಅಪಾಯದ ಲಕ್ಷಣಗಳನ್ನು ನಾನು ಬಾಯಿಪಾಠ ಮಾಡಿದ್ದೆ, ಎಲ್ಲವೂ ಅಲ್ಲಿದ್ದವು. ಅಕ್ಕಲಕೋಟಕ್ಕೆ ಫೋನ್ ಮಾಡಿದರೆ, ಇಲ್ಲಿ ನಿಲ್ಲಿಸಬೇಡಿ, ನೇರ ಸೊಲ್ಲಾಪುರಕ್ಕೆ ಒಯ್ಯಿರಿ ಎಂದರು.

ಸೊಲ್ಲಾಪುರ ಎಂದ ಕೂಡಲೇ ಕಟ್ಟೆಯ ಮೇಲೆ ಕೂತಿದ್ದ ಯಜಮಾನರು, ಬಾಣಂತಿಯ ತಂದೆ, ತಲೆ ಎತ್ತಿದರು. ಅಷ್ಟು ಸಲ ಹೋದರೂ ನನ್ನೊಡನೆ ಅವರು ಮಾತಾಡಿದ್ದಿಲ್ಲ.

"ಆ ಹಾದಿ ಬ್ಯಾಡ" ಎಂದರು. "ಎರಡ ಸರ್ತಿ ಆ ಹಾದೀಲೆ ಹೋಗೀನಿ. ಹೋಗೂವಾಗ ಕೂಸ ಒಯ್ದೀನಿ, ಬರೂವಾಗ ಗಂಟ ತಂದೀನಿ. ಏನ ಮಾಡೂದೈತಿ ಇಲ್ಲೇ ಮಾಡ್ರಿ."

ನಾನು ನಿಯಮದ ಪ್ರಕಾರ ಹೇಳಬೇಕಾದ್ದನ್ನೆಲ್ಲ ಹೇಳಿದೆ. ತಡವಾದರೆ ಜೀವಕ್ಕೆ ಅಪಾಯ, ಆಸ್ಪತ್ರೆಯಲ್ಲಿ ಆಕ್ಸಿಜನ್ ಇದೆ, ಔಷಧಿ ಇದೆ. ಅವರು ಒಂದೂ ಮಾತು ಬೀಳಿಸದೆ ಕೇಳಿದರು. ಕದಲಲಿಲ್ಲ. ಬಾಣಂತಿ ಹೊಸ್ತಿಲಲ್ಲಿ ನಿಂತಿದ್ದಳು. ಅಜ್ಜಿ ನನ್ನ ಕಡೆ ತಿರುಗಿದರು.

"ನಿಮ್ಮ ಕೂಸಿಂದು ನೀವ ಹೇಳ್ರಿ."

"ಕೂಸು ನಂದ್ರಿ" ಎಂದೆ. "ನಾ ಒಯ್ಯಾಕತ್ತೀನಿ."

ಯಜಮಾನರು ಕಟ್ಟೆಯಿಂದ ಕಾಲು ಕೆಳಗಿಟ್ಟರು. "ನಿಮ್ದಂದ ಮ್ಯಾಲ ನಮ್ದೇನ ಮಾತೈತ್ರಿ" ಎಂದರು. ಎದ್ದು ಹೋಗಿ, ಜೀಪಿಗೆ ಅಡ್ಡವಾಗಿ ನಿಂತಿದ್ದ ಟ್ರ್ಯಾಕ್ಟರನ್ನು ತಾವೇ ಪಕ್ಕಕ್ಕೆ ತೆಗೆದರು.

ಬಾಣಂತಿ ಕೂಸನ್ನು ಬರಿ ಎದೆಗೆ ಕಟ್ಟಿಕೊಂಡು ಹಿಂದಿನ ಸೀಟಿನಲ್ಲಿ ಕೂತಳು. ಅಜ್ಜಿ ಒಂದು ಕಡೆ, ನಾನು ಒಂದು ಕಡೆ. ಅಕ್ಕಲಕೋಟ ರಸ್ತೆಯ ಎಂಐಡಿಸಿ ಕೈಗಾರಿಕಾ ವಸಾಹತಿನ ಹತ್ತಿರ ನೂಲಿನ ಲಾರಿಗಳು ಎಂದಿನಂತೆ ರಸ್ತೆ ಕಟ್ಟಿಕೊಂಡು ನಿಂತಿದ್ದವು. ಮಗ್ಗಗಳು ಬಡಿಯುವ ಸದ್ದಿನಲ್ಲಿ ಕೂಸಿನ ಉಸಿರು ಕೇಳುತ್ತಿರಲಿಲ್ಲ. ಅವಳ ಸೆರಗಿನೊಳಗೆ ಕೈ ಹಾಕಿ ಅದರ ಬೆನ್ನಿನ ಮೇಲೆ ಅಂಗೈ ಇಟ್ಟುಕೊಂಡೆ. ನನಗೆ ಬಹಳ ಹೆದರಿಕೆಯಾಗಿತ್ತು. ಆ ಮನೆಯ ಮೂರನೆಯ ಗಂಟನ್ನು ನಾನೇ ಕಟ್ಟಿಸಲು ಹೊರಟಿದ್ದೇನೆ ಎಂದುಕೊಳ್ಳುತ್ತಿದ್ದೆ.

"ನಿಮ್ಮ ಕೂಸು ಉಸರಾಡಾಕತ್ತೈತೇನ್ರಿ ಅಕ್ಕಾ?" ಎಂದು ಅವಳು ಕೇಳುತ್ತಿದ್ದಳು. ಕೂಸು ಇದ್ದದ್ದು ಅವಳ ಎದೆಯ ಮೇಲೆ.

"ಆಡಾಕತ್ತೈತಿ" ಎನ್ನುತ್ತಿದ್ದೆ.

ಆಸ್ಪತ್ರೆಯ ಬಾಗಿಲಲ್ಲೇ ಕೂಸನ್ನು ತೆಗೆದುಕೊಂಡು ಒಳಗೆ ಓಡಿದರು. ಕೌಂಟರಿನವನು ತಲೆ ಎತ್ತದೆ ಮರಾಠಿಯಲ್ಲಿ, ಕೂಸಿನ ತಾಯಿ ಯಾರು ಎಂದು ಕೇಳಿದ. ಕುಪ್ಪಸ ಹಾಲಿನಿಂದ ಒದ್ದೆಯಾಗಿ ನಿಂತಿದ್ದವಳು ನನ್ನ ಕಡೆ ಬೊಟ್ಟು ಮಾಡಿದಳು. ಅವಳ ಕಣ್ಣಿನಲ್ಲಿದ್ದ ಭಯ ನೋಡಿ ನಾನು, "ಮೀ" ಎಂದೆ, ನಾನು ಎಂದೆ. ನಾನು ಜೀಪಿನಿಂದ ಫೋನ್ ಮಾಡಿ ಕರೆಸಿದ್ದ ನಮ್ಮ ಡಾಕ್ಟರರು ಹಿಂದಿನಿಂದ ಬರುತ್ತ ಅದನ್ನು ಕೇಳಿಸಿಕೊಂಡರು. ನನ್ನ ವಯಸ್ಸನ್ನೂ ಅವಳ ಕುಪ್ಪಸವನ್ನೂ ನೋಡಿ, ದಾಖಲೆಯನ್ನು ಸರಿ ಮಾಡಿಸಿ, ಆಮೇಲೆ ಮಾತಾಡೋಣ ಎಂದು ಒಳಗೆ ಹೋದರು.

ಆಮೇಲೆ ಮಾತಾಡಿದರು. ಆ ಕೂಸನ್ನು ತೂಗುವ ಕೆಲಸದಿಂದ ನನ್ನನ್ನು ತೆಗೆದರು. ನಾನು ಬೇಸರ ಮಾಡಿಕೊಳ್ಳಲಿಲ್ಲ. ಅವರ ಜಾಗದಲ್ಲಿದ್ದರೆ ನಾನೂ ಅದನ್ನೇ ಮಾಡುತ್ತಿದ್ದೆ. ಕೂಸಿನ ರಕ್ತದಲ್ಲಿ ಸೋಂಕು ಸೇರಿತ್ತು. ಗಾಜಿನ ಆಚೆ ಅದಕ್ಕೆ ನಳಿಕೆಗಳನ್ನು ಹಚ್ಚಿದ್ದರು. ಬಾಣಂತಿ ಹಾಲು ಹಿಂಡಿ ಕೊಡುತ್ತಿದ್ದಳು, ನಳಿಕೆಯಲ್ಲಿ ಹಾಕುತ್ತಿದ್ದರು. ನಾನು ದಿನಾ ಕೆಲಸ ಮುಗಿಸಿ ಬಂದು ಹೊರಗಿನ ಬೆಂಚಿನ ಮೇಲೆ ಅವರ ಜೊತೆ ಕೂರುತ್ತಿದ್ದೆ. ಮಾಲಕರೆಂದು ಅಜ್ಜಿ ನನಗೆ ಜಾಗ ಬಿಡುತ್ತಿದ್ದರು.

ಆ ಹುಡುಗಿ ಈಗ ಅಂಗನವಾಡಿಗೆ ಹೋಗುತ್ತಾಳೆ, ಅಲ್ಲಿ ಬೇರೆ ಮಕ್ಕಳನ್ನು ಹೊಡೆಯುತ್ತಾಳೆಂದು ದೂರೂ ಇದೆ. ಇದನ್ನು ಈಗಲೇ ಹೇಳಿಬಿಡುತ್ತೇನೆ. ಆದರೆ ಬೆಂಚಿನ ಮೇಲೆ ಕೂತಿದ್ದ ಆ ಸಂಜೆ ನಮಗ್ಯಾರಿಗೂ ಅದು ಗೊತ್ತಿರಲಿಲ್ಲ. ಇವತ್ತು ಸ್ವಲ್ಪ ವಾಸಿ, ನಾಳೆಯದು ನಾಳೆ ನೋಡೋಣ ಎಂದಷ್ಟೇ ಆಸ್ಪತ್ರೆಯ ಡಾಕ್ಟರರು ಹೇಳಿದ್ದರು.

ಬಾಗಿಲು ತೆರೆಯಿತು. ನರ್ಸು ಕತ್ತು ಹೊರಗೆ ಹಾಕಿ, "ಬಾಳಾಚಿ ಆಯಿ ಕೋಣ?" ಎಂದು, ಕೂಸಿನ ತಾಯಿ ಯಾರೆಂದು, ಮರಾಠಿಯಲ್ಲಿ ಕೂಗಿದಳು. ತಾಯಿ ಒಳಗೆ ಬರಲಿ, ಕೂಸನ್ನು ಇವತ್ತು ಎದೆಯ ಮೇಲೆ ಹಾಕಿ ನೋಡೋಣ ಎಂದಳು. ರೂಢಿಯ ಮೇಲೆ ನಾನು ಎದ್ದು ನಿಂತೆ.

"ನೀವು ಕುಂದರ್ರಿ ಅಕ್ಕಾ" ಎಂದಳು ಬಾಣಂತಿ. "ನಾ ಅದೀನಿ."

ಅಜ್ಜಿ ಹೌಹಾರಿ ಅವಳ ಸೆರಗು ಹಿಡಿದರು. "ಏ, ಹಂಗ ಅನಬಾರ್ದು. ಅಂವ ಕೇಳ್ಯಾನು."

"ಕೇಳ್ಲಿ ಬಿಡವ್ವಾ" ಎಂದಳು. "ಕೂಸು ನಂದು. ಬರೂದಿದ್ರ ನನ್ನ ಮುಂದ ಬರ್ಲಿ."

ಸೆರಗು ಬಿಡಿಸಿಕೊಂಡು ಚಪ್ಪಲಿ ಕಳಚಿ ಒಳಗೆ ಹೋದಳು. ನಾನು ಕೂತೆ. ನನ್ನ ಕೈಯಿಂದ ಏನನ್ನೋ ಕಿತ್ತುಕೊಂಡಂತಾಗಿ ಅಳು ಬಂತು. ಅದೇ ಹೊತ್ತಿಗೆ, ನನ್ನವೇ ಎರಡು ಹೆರಿಗೆಗಳಲ್ಲೂ ನನಗೆ ಇಷ್ಟು ಸಂತೋಷವಾಗಿರಲಿಲ್ಲ ಅನಿಸಿತು. ಅಜ್ಜಿ ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡು ಬಾಗಿಲನ್ನೇ ನೋಡುತ್ತಿದ್ದರು.

ಬಾಗಿಲು ಪೂರ್ತಿ ಮುಚ್ಚಿರಲಿಲ್ಲ. ಕುಪ್ಪಸ ಬಿಚ್ಚಬೇಕು, ಕೂಸನ್ನು ನೆಟ್ಟಗೆ ಹಿಡಿಯಬೇಕು, ತಲೆ ಒಂದು ಬದಿಗೆ ತಿರುಗಿಸಬೇಕು ಎಂದು ನರ್ಸು ಒಂದೊಂದಾಗಿ ಹೇಳಿಕೊಡುತ್ತಿದ್ದಳು.

"ನನಗ ಗೊತ್ತೈತ್ರಿ" ಎಂದಳು ಅವಳು. "ಕೊಡ್ರಿ ಇಲ್ಲಿ."